ಗಡಸು ಉಕ್ಕಿನ ಟರ್ನಿಂಗ್‌ನಲ್ಲಿ ಕನಿಷ್ಠ ಕೂಲೆಂಟ್ ಬಳಕೆ

ಹಾರ್ಡನಿಂಗ್ ಮಾಡಿದ ಉಕ್ಕನ್ನು ಲೇತಿನಲ್ಲಿ ಕಡೆಯುವಾಗ ಕೂಲೆಂಟನ್ನು ಧಾರೆಯಾಗಿ ಸುರಿಸದೆ, ಅತ್ಯಲ್ಪ ಪ್ರಮಾಣದ ದ್ರವವನ್ನು ಟೂಲಿನ ಮೊನೆಗೇ ಗುರಿಯಿಟ್ಟು ಒದಗಿಸುವ ಯಂತ್ರಗಾರಿಕೆಯ ವಿಧಾನ. ವಾಡಿಕೆಯ ಪದ್ಧತಿಯಲ್ಲಿ ಪಂಪು ನಿಮಿಷಕ್ಕೆ ಹಲವು ಲೀಟರ್ ಕೂಲೆಂಟನ್ನು ಕಡೆಯುತ್ತಿರುವ ತುಂಡಿನ, ಅಂದರೆ ಜಾಬಿನ, ಮೇಲೆ ಸುರಿಯುತ್ತದೆ. ಈ ವಿಧಾನದಲ್ಲಿ ಗಂಟೆಗೆ ಹತ್ತರಿಂದ ನೂರಿಪ್ಪತ್ತು ಮಿಲಿಲೀಟರ್ ಸಾಕಾಗುತ್ತದೆ. ದ್ರವವನ್ನು ಗಾಳಿಯೊಡನೆ ಬೆರೆಸಿ ಮಂಜಿನಂತೆ ಊದುವುದು ಒಂದು ಮಾರ್ಗ, ಹೆಚ್ಚಿನ ಒತ್ತಡದಲ್ಲಿ ಬಿಟ್ಟುಬಿಟ್ಟು ಚಿಮ್ಮಿಸುವುದು ಇನ್ನೊಂದು. ಎರಡರ ಹಿಂದಿರುವ ತಿಳಿವಳಿಕೆ ಒಂದೇ: ಕೂಲೆಂಟ್ ಎಷ್ಟು ಸುರಿಯಿತು ಎನ್ನುವುದಕ್ಕಿಂತ ಎಲ್ಲಿಗೆ ತಲುಪಿತು ಎನ್ನುವುದು ಮುಖ್ಯ. ಖರ್ಚು, ಕೆಲಸಗಾರರ ಆರೋಗ್ಯ ಮತ್ತು ಪರಿಸರ, ಈ ಮೂರೂ ಕಾರಣಗಳಿಂದ 1990ರ ದಶಕದಿಂದೀಚೆಗೆ ಈ ವಿಧಾನ ಗಂಭೀರ ಅಧ್ಯಯನಕ್ಕೆ ಒಳಗಾಗಿದೆ. ಇದರ ಒಂದು ಪ್ರಮುಖ ರೂಪ ಬೆಳೆದದ್ದು ಭಾರತದಲ್ಲಿ.

ಗಡಸು ಉಕ್ಕಿನ ಟರ್ನಿಂಗ್

ರಾಕ್‌ವೆಲ್ ಸಿ ಮಾಪನದಲ್ಲಿ 45ಕ್ಕಿಂತ ಹೆಚ್ಚು ಗಡಸುತನವಿರುವ ಉಕ್ಕನ್ನು ಕಡೆಯುವ ಕೆಲಸಕ್ಕೆ ಹಾರ್ಡ್ ಟರ್ನಿಂಗ್ ಎಂದು ಹೆಸರು. ಬೇರಿಂಗಿನ ರೇಸುಗಳು, ಗೇರುಗಳ ಒಳರಂಧ್ರ, ಶಾಫ್ಟಿನ ಮೇಲೆ ಬೇರಿಂಗ್ ಕೂರುವ ಜಾಗ, ಡೈ ಮತ್ತು ಪಂಚುಗಳು ಇದರ ಮುಖ್ಯ ಕ್ಷೇತ್ರ. ಇವುಗಳಲ್ಲಿ ಬಹುಪಾಲು ಜಾಬುಗಳ ಗಡಸುತನ 55ರಿಂದ 65ರ ನಡುವೆ ಇರುತ್ತದೆ. ಭಾರತದ ಕಾರ್ಖಾನೆಗಳಲ್ಲಿ ಇಎನ್ 31 ಎಂದು ಕರೆಯುವ ಬೇರಿಂಗ್ ಉಕ್ಕು ಇಂಥ ಕೆಲಸಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ಸುಮಾರು ಶೇ. 1ರಷ್ಟು ಇಂಗಾಲವೂ ಶೇ. 1.5ರ ಆಸುಪಾಸಿನಲ್ಲಿ ಕ್ರೋಮಿಯಮ್ಮೂ ಇರುತ್ತವೆ. ಶಾಫ್ಟುಗಳಿಗೆ ಬಳಸುವ ಇಎನ್ 24 ಇನ್ನೊಂದು ಉದಾಹರಣೆ.

ಹಿಂದೆ ಇಂಥ ಜಾಬನ್ನು ಮೆದುವಾಗಿರುವಾಗಲೇ ಕಡೆದು, ಸ್ವಲ್ಪ ಅಳತೆ ಹೆಚ್ಚು ಉಳಿಸಿ, ಹಾರ್ಡನಿಂಗಿಗೆ ಕಳಿಸಿ, ಕೊನೆಗೆ ಗ್ರೈಂಡಿಂಗ್ ಮಾಡಿ ಅಳತೆಗೆ ತರುತ್ತಿದ್ದರು. ಗ್ರೈಂಡಿಂಗ್ ನಿಧಾನದ ಕೆಲಸ. ಪ್ರತಿ ಆಕಾರಕ್ಕೂ ಚಕ್ರವನ್ನು ಡ್ರೆಸ್ ಮಾಡಬೇಕು, ಕೂಲೆಂಟಿಲ್ಲದೆ ಅದು ನಡೆಯುವುದು ಅಪರೂಪ. ಹಾರ್ಡನಿಂಗ್ ಆದ ಜಾಬನ್ನು ಲೇತಿನಲ್ಲೇ ಮುಗಿಸುವುದು ಸಾಧ್ಯವಾದದ್ದು ತಕ್ಕ ಟೂಲುಗಳು ದೊರೆತ ಮೇಲೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿಜ್ಞಾನಿ ರಾಬರ್ಟ್ ವೆಂಟಾರ್ಫ್ 1957ರಲ್ಲಿ ಕ್ಯೂಬಿಕ್ ಬೋರಾನ್ ನೈಟ್ರೈಡನ್ನು (ಸಿಬಿಎನ್) ತಯಾರಿಸಿದರು. ಗಡಸುತನದಲ್ಲಿ ಇದು ವಜ್ರಕ್ಕೆ ಮಾತ್ರ ಎರಡನೆಯದು ಎಂದು ಪ್ರಸಿದ್ಧವಾಯಿತು. ಬಿಸಿಯೇರಿದಾಗ ವಜ್ರದ ಇಂಗಾಲ ಕಬ್ಬಿಣದಲ್ಲಿ ಕರಗಿಹೋಗುವುದರಿಂದ ಉಕ್ಕನ್ನು ಕಡೆಯಲು ವಜ್ರ ಒಗ್ಗುವುದಿಲ್ಲ. ಸಿಬಿಎನ್‌ಗೆ ಆ ತೊಂದರೆಯಿಲ್ಲ. ಅದರ ಹರಳುಗಳನ್ನು ಬೆಸೆದು ಮಾಡಿದ ಇನ್ಸರ್ಟುಗಳು (ಬದಲಿಸಬಹುದಾದ ಕತ್ತರಿಕೆಯ ತುಂಡುಗಳು), ಅಲ್ಯೂಮಿನಾ ಮತ್ತು ಟೈಟೇನಿಯಮ್ ಕಾರ್ಬೈಡ್ ಬೆರೆತ ಸಿರಾಮಿಕ್‌ಗಳು, ಕೋಟಿಂಗ್ ಇರುವ ಕಾರ್ಬೈಡುಗಳು ಇಂದು ಈ ಕೆಲಸದ ಮೂರು ಮುಖ್ಯ ಟೂಲು ವರ್ಗಗಳು.

ಮುಗಿಕೆಯ ಕೆಲಸದಲ್ಲಿ ಕಟ್ಟಿನ ಆಳ ಸಾಮಾನ್ಯವಾಗಿ 0.1ರಿಂದ 0.5 ಮಿಲಿಮೀಟರ್, ಫೀಡ್ ಒಂದು ಸುತ್ತಿಗೆ 0.05ರಿಂದ 0.2 ಮಿಲಿಮೀಟರ್. ಟೂಲಿನ ಮೊನೆಯ ದುಂಡಗಿನ ಭಾಗವಷ್ಟೇ ಲೋಹಕ್ಕೆ ತಾಗುತ್ತದೆ. ಮೊನೆಯ ತ್ರಿಜ್ಯ 0.8 ಮಿಲಿಮೀಟರ್, ಫೀಡ್ 0.1 ಮಿಲಿಮೀಟರ್ ಇದ್ದರೆ ಲೆಕ್ಕದ ಪ್ರಕಾರ ಮೇಲ್ಮೈಯ ಸರಾಸರಿ ಒರಟುತನ ಸುಮಾರು 0.4 ಮೈಕ್ರೋಮೀಟರ್ ಬರುತ್ತದೆ. ಇದು ಗ್ರೈಂಡಿಂಗಿನ ಮಟ್ಟವೇ. ಆದರೆ ಈ ಲೆಕ್ಕ ನಿಜವಾಗಬೇಕಾದರೆ ಮೊನೆ ಸವೆಯಬಾರದು, ಲೇತು ಕಂಪಿಸಬಾರದು. ಇಲ್ಲಿ ಟೂಲನ್ನು ಜಾಬಿನಿಂದ ಆಚೆಗೆ ತಳ್ಳುವ ಬಲ ಮುಖ್ಯ ಕತ್ತರಿಕೆಯ ಬಲವನ್ನೂ ಮೀರಬಲ್ಲದು. ಹಾಗಾಗಿ ಬಿಗಿಯಾದ ಲೇತು ಇಲ್ಲದವರಿಗೆ ಹಾರ್ಡ್ ಟರ್ನಿಂಗ್ ದಕ್ಕುವುದಿಲ್ಲ.

ಕೂಲೆಂಟ್ ಬಂದ ಬಗೆ

ಲೋಹ ಕಡೆಯುವಾಗ ದ್ರವ ಬಳಸುವುದರ ಲಾಭವನ್ನು ಅಳೆದು ತೋರಿಸಿದವರು ಫ್ರೆಡರಿಕ್ ಟೇಲರ್. ಫಿಲಡೆಲ್ಫಿಯಾದ ಮಿಡ್‌ವೇಲ್ ಉಕ್ಕಿನ ಕಾರ್ಖಾನೆಯಲ್ಲಿ 1880ರ ದಶಕದ ಆರಂಭದಲ್ಲಿ ಅವರು ನಡೆಸಿದ ಪ್ರಯೋಗಗಳಲ್ಲಿ, ಕಡೆದ ಲೋಹದ ಸಿಪ್ಪೆ, ಅಂದರೆ ಚಿಪ್, ಬೇರ್ಪಡುವ ಜಾಗಕ್ಕೇ ನೀರನ್ನು ಧಾರಾಳವಾಗಿ ಸುರಿದರೆ ಕತ್ತರಿಕೆಯ ವೇಗವನ್ನು ಶೇ. 30ರಿಂದ 40ರಷ್ಟು ಏರಿಸಬಹುದೆಂದು ಕಂಡುಬಂತು. ತುಕ್ಕು ಹಿಡಿಯದಿರಲೆಂದು ಆ ನೀರಿಗೆ ಸೋಡಾ ಬೆರೆಸುತ್ತಿದ್ದರು. ಲೋಹ ಕತ್ತರಿಸುವ ಕಲೆಯ ಬಗ್ಗೆ ಅವರು ಮಂಡಿಸಿದ ಪ್ರಬಂಧ 1907ರಲ್ಲಿ ಪ್ರಕಟವಾದ ಮೇಲೆ ಈ ಅರಿವು ಎಲ್ಲೆಡೆ ಹರಡಿತು. ಆ ಪ್ರಯೋಗಗಳಲ್ಲಿ ಟೇಲರ್ ಬಳಸಿದ ಟೂಲುಗಳು ಉಕ್ಕಿನವು. ಕೆಂಪಗೆ ಕಾದರೆ ಮೆತ್ತಗಾಗುವಂಥವು. ಅವುಗಳಿಗೆ ತಂಪೇ ಜೀವ. ಮುಂದೆ ಟೂಲುಗಳು ಬದಲಾದವು, ಕಾರ್ಬೈಡ್ ಬಂತು, ಸಿರಾಮಿಕ್ ಮತ್ತು ಸಿಬಿಎನ್ ಬಂದವು. ಧಾರೆ ಸುರಿಯುವ ರೂಢಿ ಮಾತ್ರ ಹಾಗೆಯೇ ಉಳಿಯಿತು.

ಧಾರಾಳ ಕೂಲೆಂಟಿನ ಹೊರೆ

ನೀರಿನಲ್ಲಿ ಕಲಸಿದ ಸಾಲ್ಯುಬಲ್ ಆಯಿಲ್ ಬಹುತೇಕ ವರ್ಕ್‌ಶಾಪುಗಳ ಕೂಲೆಂಟ್. ಅದು ಟ್ಯಾಂಕಿನಿಂದ ಜಾಬಿಗೆ, ಜಾಬಿನಿಂದ ಟ್ಯಾಂಕಿಗೆ ಸುತ್ತುತ್ತಿರುತ್ತದೆ, ನಿಜ. ಆದರೆ ಅದರ ಖರ್ಚು ಕೊಂಡ ದಿನಕ್ಕೆ ಮುಗಿಯುವುದಿಲ್ಲ. ಪಂಪು, ಫಿಲ್ಟರು, ಟ್ಯಾಂಕ್ ತೊಳೆಯುವುದು, ಸಾಂದ್ರತೆ ನೋಡುವುದು, ಜಾಬಿಗೂ ಚಿಪ್ಪಿಗೂ ಅಂಟಿದ್ದನ್ನು ಒರೆಸುವುದು, ಕೆಟ್ಟದ್ದನ್ನು ವಿಲೇವಾರಿ ಮಾಡುವುದು, ಎಲ್ಲವೂ ಸೇರುತ್ತವೆ. ಜರ್ಮನಿಯ ಫ್ರಿಟ್ಸ್ ಕ್ಲಾಕೆ ಮತ್ತು ಗೆರ್ಹಾರ್ಡ್ ಐಸೆನ್‌ಬ್ಲಾಟರ್ 1997ರಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ ಇದರ ಲೆಕ್ಕ ಸಿಗುತ್ತದೆ. ಅದರ ಪ್ರಕಾರ ಒಟ್ಟು ತಯಾರಿಕಾ ವೆಚ್ಚದಲ್ಲಿ ಕೂಲೆಂಟಿನ ಪಾಲು ಶೇ. 7ರಿಂದ 17, ಟೂಲುಗಳ ಪಾಲು ಕೇವಲ ಶೇ. 2ರಿಂದ 4. ಟೂಲನ್ನು ಉಳಿಸಲೆಂದು ಸುರಿಯುವ ದ್ರವವೇ ಟೂಲಿಗಿಂತ ತುಟ್ಟಿ ಎಂಬುದನ್ನು ಈ ಲೆಕ್ಕ ಉದ್ಯಮದ ಮುಂದಿಟ್ಟಿತು.

ಆರೋಗ್ಯದ ಹೊರೆ ಇನ್ನೂ ದೊಡ್ಡದು. ಕೂಲೆಂಟಿನಲ್ಲಿ ದಿನವಿಡೀ ಅದ್ದಿದ ಕೈಗೆ ಚರ್ಮದ ಉರಿಯೂತದ ಅಪಾಯ ಹೆಚ್ಚು. ತಿರುಗುವ ಜಾಬಿಗೆ ಬಡಿದು ಸಿಡಿದ ಹನಿಗಳು ಮಂಜಾಗಿ ಉಸಿರಿನೊಳಗೆ ಹೋಗುತ್ತವೆ. ಆಸ್ತಮಾ ಮತ್ತು ಶ್ವಾಸಕೋಶದ ಅಲರ್ಜಿಯ ಉರಿಯೂತ ಇದರೊಂದಿಗೆ ಸಂಬಂಧ ಹೊಂದಿವೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಷ್ 1998ರಲ್ಲಿ ಇಂಥ ಮಂಜಿಗೆ ಘನಮೀಟರ್ ಗಾಳಿಗೆ ಒಟ್ಟು 0.5 ಮಿಲಿಗ್ರಾಮ್ ಎಂಬ ಮಿತಿಯನ್ನು ಶಿಫಾರಸು ಮಾಡಿತು. ಯಂತ್ರ ನಿಂತ ಭಾನುವಾರ ಕಳೆದು ಸೋಮವಾರ ಬೆಳಿಗ್ಗೆ ಟ್ಯಾಂಕಿನಿಂದ ಏಳುವ ಕೊಳೆತ ಮೊಟ್ಟೆಯ ವಾಸನೆ ಪ್ರತಿ ಟರ್ನರನಿಗೂ ಗೊತ್ತು. ಗಾಳಿಯಾಡದ ತಳದಲ್ಲಿ ಬೆಳೆದ ಬ್ಯಾಕ್ಟೀರಿಯಾಗಳು ಬಿಡುಗಡೆ ಮಾಡುವ ಹೈಡ್ರೋಜನ್ ಸಲ್ಫೈಡ್ ಅದು. ಭಾರತದಲ್ಲಿ ಬಳಸಿ ಬಿಟ್ಟ ಎಣ್ಣೆ ಮತ್ತು ಎಣ್ಣೆಯ ಎಮಲ್ಷನ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತವೆ. ಅವನ್ನು ಚರಂಡಿಗೆ ಬಿಡುವುದು ಕಾನೂನಿಗೆ ವಿರುದ್ಧ.

ಧಾರೆ ಮೊನೆಯನ್ನು ಮುಟ್ಟುವುದೇ?

ಟೂಲಿನ ಮೇಲ್ಮುಖದ ಮೇಲೆ ಚಿಪ್ ಉಜ್ಜಿಕೊಂಡು ಸಾಗುವ ಜಾಗ ಬಹಳ ಪುಟ್ಟದು. ಅದರ ಉದ್ದ ಮಿಲಿಮೀಟರಿನ ಒಂದು ಅಂಶ ಮಾತ್ರ. ಅಲ್ಲಿನ ಒತ್ತಡದಲ್ಲಿ ಚಿಪ್ಪೂ ಟೂಲೂ ಒಂದಕ್ಕೊಂದು ಕಚ್ಚಿಕೊಂಡಂತೆ ಇರುತ್ತವೆ ಎಂದು ಬ್ರಿಟನ್ನಿನ ಲೋಹಶಾಸ್ತ್ರಜ್ಞ ಎಡ್ವರ್ಡ್ ಟ್ರೆಂಟ್ ಸೂಕ್ಷ್ಮದರ್ಶಕದ ಆಧಾರದಿಂದ ತೋರಿಸಿದರು. ಕಚ್ಚಿಕೊಂಡ ಆ ಭಾಗದೊಳಕ್ಕೆ ದ್ರವ ನುಗ್ಗಲಾರದು. ಅದರಾಚೆ ಚಿಪ್ ಬಿಡಿಸಿಕೊಂಡು ಜಾರುವ ಅಂಚಿನಲ್ಲಿ ಮಾತ್ರ ದ್ರವಕ್ಕೆ ದಾರಿಯಿದೆ. ಮೇಲಿನಿಂದ ಸುರಿಯುವ ಧಾರೆಗೆ ಆ ದಾರಿ ಹೊಗುವಷ್ಟು ಬಿರುಸಿಲ್ಲ. ಗಡಸು ಉಕ್ಕಿನಲ್ಲಿ ಅಲ್ಲಿನ ಉಷ್ಣತೆ 800 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ; ಸಮೀಪಿಸಿದ ನೀರು ಮೊದಲೇ ಆವಿಯಾಗುತ್ತದೆ, ಆವಿಯ ಪದರವೇ ಹಿಂದಿನಿಂದ ಬರುವ ನೀರಿಗೆ ಅಡ್ಡವಾಗುತ್ತದೆ. ಕೂಲೆಂಟ್ ಜಾಬನ್ನು ತಣಿಸುತ್ತದೆ, ಚಿಪ್ಪನ್ನು ಕೊಚ್ಚಿ ಒಯ್ಯುತ್ತದೆ. ಮೊನೆಯ ಉಜ್ಜಾಟವನ್ನು ಅದು ತಗ್ಗಿಸುವುದು ಕಡಿಮೆ.

ಗಡಸು ಉಕ್ಕಿನ ವಿಷಯದಲ್ಲಿ ಇನ್ನೊಂದು ಮಾತಿದೆ. ಕತ್ತರಿಸುವಾಗ ಹುಟ್ಟುವ ಶಾಖವೇ ಮೊನೆಯ ಮುಂದಿನ ಲೋಹವನ್ನು ಆ ಗಳಿಗೆಯ ಮಟ್ಟಿಗೆ ಮೆದುಮಾಡಿ ಕೆಲಸವನ್ನು ಸುಲಭಗೊಳಿಸುತ್ತದೆ. ಎಲ್ಲವನ್ನೂ ತಣಿಸಿಬಿಟ್ಟರೆ ಈ ಅನುಕೂಲ ಹೋಗುತ್ತದೆ. ತಂಪು ಬೇಕು, ಆದರೆ ಬೇಕಾದಲ್ಲಿ ಬೇಕಾದಷ್ಟೇ ಬೇಕು.

ಎರಡು ಮಾರ್ಗಗಳು

ಮೊದಲ ಮಾರ್ಗ ಎಂಕ್ಯೂಎಲ್ ಎಂದು ಪ್ರಸಿದ್ಧವಾದ ಕನಿಷ್ಠ ಪ್ರಮಾಣದ ಲೂಬ್ರಿಕೇಷನ್. ನಾಲ್ಕರಿಂದ ಆರು ಬಾರ್ ಒತ್ತಡದ ಗಾಳಿ ಗಂಟೆಗೆ ಸಾಮಾನ್ಯವಾಗಿ 10ರಿಂದ 100 ಮಿಲಿಲೀಟರ್ ಎಣ್ಣೆಯನ್ನು ಸೂಕ್ಷ್ಮ ಹನಿಗಳನ್ನಾಗಿ ಒಡೆದು ಮೊನೆಯತ್ತ ಒಯ್ಯುತ್ತದೆ. ನಾಜಲ್ಲನ್ನು ಹೊರಗಿನಿಂದ ಗುರಿಯಿಡಬಹುದು, ಇಲ್ಲವೇ ಟೂಲಿನ ಒಳಗೇ ಕೊರೆದ ದಾರಿಯಲ್ಲಿ ಕಳಿಸಬಹುದು. ಇಲ್ಲಿ ಎಣ್ಣೆಯ ಕೆಲಸ ಜಾರಿಕೆ, ಗಾಳಿಯ ಕೆಲಸ ಅಲ್ಪಸ್ವಲ್ಪ ತಂಪು ಮತ್ತು ಚಿಪ್ಪನ್ನು ಸರಿಸುವುದು. ಬಾಂಗ್ಲಾದೇಶದ ಢಾಕಾದಲ್ಲಿರುವ ಎಂಜಿನಿಯರಿಂಗ್ ವಿಶ್ವವಿದ್ಯಾಲಯದಲ್ಲಿ ನಿಖಿಲ್ ರಂಜನ್ ಧರ್ ಮತ್ತು ಸಂಗಡಿಗರು ಇಎನ್ 24ಕ್ಕೆ ಹತ್ತಿರದ 4340 ಉಕ್ಕಿನ ಮೇಲೆ ಗಂಟೆಗೆ 60 ಮಿಲಿಲೀಟರ್ ಹರಿವಿನಲ್ಲಿ ಮಾಡಿದ ಪ್ರಯೋಗಗಳು ಉಪಖಂಡದಲ್ಲಿ ಈ ಮಾರ್ಗಕ್ಕೆ ಬಲ ಕೊಟ್ಟವು.

ಎರಡನೆಯ ಮಾರ್ಗ ಮಿಡಿತದ ಜೆಟ್. ಇದರಲ್ಲಿ ಗಾಳಿಯ ನೆರವಿಲ್ಲ. ದ್ರವವನ್ನೇ ಡೀಸೆಲ್ ಎಂಜಿನ್ನಿನ ಇಂಧನ ಪಂಪಿನಂಥ ಸಾಧನದಿಂದ ಒತ್ತಿ, ಕೂದಲೆಳೆಯಷ್ಟು ಸಣ್ಣ ಜೆಟ್ಟಾಗಿ ಮಿಡಿತ ಮಿಡಿತವಾಗಿ ಚಿಮ್ಮಿಸಲಾಗುತ್ತದೆ. ಗಾಳಿಯ ಪ್ರವಾಹ ಇಲ್ಲದ ಕಾರಣ ಮಂಜು ಹರಡುವುದು ಕಡಿಮೆ.

ಮದ್ರಾಸ್ ಐಐಟಿಯ ಪ್ರಯೋಗ

ಈ ಎರಡನೆಯ ಮಾರ್ಗವನ್ನು ಗಡಸು ಉಕ್ಕಿಗೆ ಅನ್ವಯಿಸಿ ಕ್ರಮವಾಗಿ ಪರೀಕ್ಷಿಸಿದವರು ಮದ್ರಾಸ್ ಐಐಟಿಯ ಎ. ಎಸ್. ವರದರಾಜನ್, ಪಿ. ಕೆ. ಫಿಲಿಪ್ ಮತ್ತು ಬಿ. ರಾಮಮೂರ್ತಿ. 2002ರಲ್ಲಿ ಪ್ರಕಟವಾದ ಅವರ ಪ್ರಬಂಧ ಈ ಕ್ಷೇತ್ರದಲ್ಲಿ ಇಂದಿಗೂ ಆಧಾರವಾಗಿ ಉಲ್ಲೇಖಗೊಳ್ಳುತ್ತದೆ. 46 ರಾಕ್‌ವೆಲ್ ಗಡಸುತನದ 4340 ಉಕ್ಕನ್ನು ಬಹುಪದರ ಕೋಟಿಂಗಿನ ಕಾರ್ಬೈಡ್ ಇನ್ಸರ್ಟುಗಳಿಂದ ಮೂರು ಬಗೆಯಲ್ಲಿ ಕಡೆದರು: ಒಣದಾಗಿ (ದ್ರವವಿಲ್ಲದೆ), ವಾಡಿಕೆಯ ಧಾರೆಯಲ್ಲಿ, ಕನಿಷ್ಠ ದ್ರವದಲ್ಲಿ. ಕೊನೆಯದರಲ್ಲಿ ದ್ರವದ ಪ್ರಮಾಣ ನಿಮಿಷಕ್ಕೆ ಸುಮಾರು 2 ಮಿಲಿಲೀಟರ್, ಪಂಪಿನ ಒತ್ತಡ 20 ಮೆಗಾಪಾಸ್ಕಲ್, ಮಿಡಿತ ನಿಮಿಷಕ್ಕೆ 600, ಜೆಟ್ಟಿನ ವೇಗ ಸೆಕೆಂಡಿಗೆ 100 ಮೀಟರಿನ ಆಸುಪಾಸು. ದ್ರವವೂ ಇದಕ್ಕೆಂದೇ ರೂಪಿಸಿದ, ಖನಿಜ ತೈಲವನ್ನು ನೀರಿನಲ್ಲಿ ಕಲಸಿದ ಎಮಲ್ಷನ್.

ಈ ಅಂಕಿಗಳನ್ನು ಬಿಡಿಸಿ ನೋಡಿದರೆ ವಿಧಾನದ ಸೂಕ್ಷ್ಮ ತಿಳಿಯುತ್ತದೆ. 2 ಮಿಲಿಲೀಟರನ್ನು 600 ಮಿಡಿತಗಳಿಗೆ ಹಂಚಿದರೆ ಒಂದು ಮಿಡಿತದ ಪಾಲಿಗೆ ಬರುವುದು ಒಂದು ಮಿಲಿಲೀಟರಿನ ಮುನ್ನೂರನೆಯ ಒಂದು ಭಾಗ; ಸಣ್ಣ ಹನಿಗಿಂತಲೂ ಕಡಿಮೆ. 75 ಮಿಲಿಮೀಟರ್ ವ್ಯಾಸದ ಶಾಫ್ಟನ್ನು ನಿಮಿಷಕ್ಕೆ 80 ಮೀಟರ್ ವೇಗದಲ್ಲಿ ಕಡೆಯುತ್ತಿದ್ದೇವೆ ಎಂದುಕೊಂಡರೆ ಲೇತು ಸುಮಾರು 340 ಆರ್‌ಪಿಎಂ ತಿರುಗುತ್ತದೆ, ಒಂದು ಸುತ್ತಿನಲ್ಲಿ ಎರಡಕ್ಕೂ ಕಡಿಮೆ ಮಿಡಿತಗಳು ಬೀಳುತ್ತವೆ. ಆದರೆ ಪ್ರತಿ ಮಿಡಿತವೂ ಜಾಬಿನ ಮೇಲ್ಮೈ ಚಲಿಸುವುದಕ್ಕಿಂತ ಎಪ್ಪತ್ತೈದು ಪಟ್ಟು ವೇಗದಲ್ಲಿ ಬಂದು ಬಡಿಯುತ್ತದೆ. ಆ ವೇಗವೇ ಅದನ್ನು ಚಿಪ್ಪಿನ ಅಂಚಿನ ಸಂದಿಗೆ ನುಗ್ಗಿಸುವುದು. ಎಂಟು ಗಂಟೆಯ ಶಿಫ್ಟು ಬಿಡದೆ ಕಡೆದರೂ ಖರ್ಚಾಗುವ ದ್ರವ 960 ಮಿಲಿಲೀಟರ್, ಅಂದರೆ ಒಂದು ಲೀಟರಿಗೂ ಕಡಿಮೆ. ನಿಮಿಷಕ್ಕೆ 10 ಲೀಟರ್ ಸುರಿಸುವ ಪಂಪು ಅದೇ ಅವಧಿಯಲ್ಲಿ 4,800 ಲೀಟರ್ ಕೂಲೆಂಟನ್ನು ಸುತ್ತಿಸುತ್ತದೆ.

ಕತ್ತರಿಕೆಯ ಬಲ, ಟೂಲಿನ ಬಾಳಿಕೆ, ಮೇಲ್ಮೈಯ ನಯ, ಉಷ್ಣತೆ, ಚಿಪ್ಪು ಟೂಲಿಗೆ ತಾಗುವ ಉದ್ದ, ಹೀಗೆ ಹಲವು ಅಳತೆಗೋಲುಗಳಲ್ಲಿ ಒಟ್ಟಾರೆಯಾಗಿ ಕನಿಷ್ಠ ದ್ರವದ ವಿಧಾನವೇ ಒಣ ಟರ್ನಿಂಗಿಗಿಂತಲೂ ಧಾರೆಗಿಂತಲೂ ಮೇಲಾಯಿತು. ವರದರಾಜನ್ ಮುಂದೆ ಕೊಯಮತ್ತೂರಿನಲ್ಲಿ ತಮ್ಮ ವಿದ್ಯಾರ್ಥಿಗಳೊಡನೆ ಇದೇ ವಿಧಾನವನ್ನು ಮಿಲ್ಲಿಂಗಿಗೂ ವಿಸ್ತರಿಸಿದರು.

ಒಳಗೆ ನಡೆಯುವುದೇನು

ಅಷ್ಟು ಕಡಿಮೆ ದ್ರವ ಅಷ್ಟು ಕೆಲಸ ಮಾಡುವುದಕ್ಕೆ ಮೂರು ಕಾರಣಗಳನ್ನು ಕೊಡಲಾಗಿದೆ. ಮೊದಲನೆಯದು ಜಾರಿಕೆ. ಸಂದಿಗೆ ತಲುಪಿದ ಎಣ್ಣೆ ಚಿಪ್ ಮತ್ತು ಟೂಲಿನ ನಡುವೆ ತೆಳು ಪೊರೆಯಾಗಿ ಉಜ್ಜಾಟವನ್ನು ತಗ್ಗಿಸುತ್ತದೆ. ಉಜ್ಜಾಟ ತಗ್ಗಿದರೆ ಶಾಖ ಹುಟ್ಟುವುದೇ ಕಡಿಮೆಯಾಗುತ್ತದೆ. ಎರಡನೆಯದು ಆವಿಯಾಗುವಿಕೆ. ಸೂಕ್ಷ್ಮ ಹನಿಗಳ ನೀರು ಬಿಸಿ ಜಾಗಕ್ಕೆ ತಾಗಿ ಆವಿಯಾಗುವಾಗ ಒಯ್ಯುವ ಶಾಖ, ಅಷ್ಟೇ ನೀರು ಸುಮ್ಮನೆ ಹರಿದುಹೋದಾಗ ಒಯ್ಯುವ ಶಾಖಕ್ಕಿಂತ ಹಲವು ಪಟ್ಟು ಹೆಚ್ಚು. ಮೂರನೆಯದು ರೆಹ್‌ಬೈಂಡರ್ ಪರಿಣಾಮ. ಸೋವಿಯತ್ ವಿಜ್ಞಾನಿ ಪ್ಯೋತರ್ ರೆಹ್‌ಬೈಂಡರ್ 1928ರಲ್ಲಿ ವಿವರಿಸಿದಂತೆ, ಕೆಲವು ದ್ರವಗಳು ಘನವಸ್ತುವಿನ ಮೇಲ್ಮೈಗೆ ಅಂಟಿಕೊಂಡಾಗ ಅದರ ಬಲ ಕುಂದುತ್ತದೆ. ಚಿಪ್ಪಿನ ಹಿಂಬದಿಗೆ ಬಡಿದ ದ್ರವ ಅಲ್ಲಿನ ಸೂಕ್ಷ್ಮ ಬಿರುಕುಗಳಿಗೆ ಇಳಿದು, ಚಿಪ್ ಬೇಗ ಬಾಗಿ ಸುರುಳಿಯಾಗುವಂತೆ ಮಾಡುತ್ತದೆ ಎಂಬುದು ಇದರ ಅನ್ವಯ. ಬೇಗ ಸುರುಳಿಯಾದ ಚಿಪ್ ಟೂಲಿಗೆ ತಾಗುವ ಉದ್ದ ಕಡಿಮೆ. ಆದ್ದರಿಂದಲೇ ಜೆಟ್ಟನ್ನು ಟೂಲಿನ ಮೇಲ್ಮುಖಕ್ಕೆ, ಕೆಳಗಿನ ಪಕ್ಕಕ್ಕೆ, ಚಿಪ್ಪಿನ ಬೆನ್ನಿಗೆ, ಹೀಗೆ ಬೇರೆ ಬೇರೆ ದಿಕ್ಕುಗಳಿಂದ ಗುರಿಯಿಟ್ಟು ನೋಡಲಾಗುತ್ತದೆ. ಮೂರು ಕಾರಣಗಳಲ್ಲಿ ಈ ಕೊನೆಯದು ಹೆಚ್ಚು ಚರ್ಚೆಗೆ ಒಳಗಾದದ್ದು. ಮೊದಲೆರಡರ ಬಗ್ಗೆ ತಕರಾರಿಲ್ಲ.

ಟೂಲಿಗೆ ತಕ್ಕ ಫಲ

ಕನಿಷ್ಠ ದ್ರವದಿಂದ ಎಲ್ಲ ಟೂಲುಗಳಿಗೂ ಒಂದೇ ಲಾಭ ಸಿಗುವುದಿಲ್ಲ. ಕೋಟಿಂಗ್ ಇರುವ ಕಾರ್ಬೈಡ್ ಇದರಿಂದ ಹೆಚ್ಚು ಲಾಭ ಪಡೆಯುತ್ತದೆ. ಕಾರ್ಬೈಡಿನ ಹರಳುಗಳನ್ನು ಹಿಡಿದಿಡುವ ಕೋಬಾಲ್ಟ್ ಶಾಖಕ್ಕೆ ಮೆದುವಾಗುತ್ತದೆ. ಉಷ್ಣತೆ ಸ್ವಲ್ಪ ಇಳಿದರೂ ಬಾಳಿಕೆ ಏರುತ್ತದೆ. ಮದ್ರಾಸಿನ ಫಲಿತಾಂಶ ಬಂದದ್ದು ಇಂಥ ಟೂಲಿನಲ್ಲಿ, 46 ರಾಕ್‌ವೆಲ್ಲಿನ ಉಕ್ಕಿನಲ್ಲಿ ಎಂಬುದನ್ನು ಮರೆಯಬಾರದು.

ಸಿಬಿಎನ್ ಟೂಲಿನ ಮಾತು ಬೇರೆ. ಬ್ರೆಜಿಲಿನ ಕಂಪಿನಾಸ್ ವಿಶ್ವವಿದ್ಯಾಲಯದ ಅನ್ಸೆಲ್ಮೊ ದಿನಿಜ್ ಮತ್ತು ಸಂಗಡಿಗರು 2003ರಲ್ಲಿ ಗಡಸು ಬೇರಿಂಗ್ ಉಕ್ಕನ್ನು ಸಿಬಿಎನ್ ಇನ್ಸರ್ಟಿನಿಂದ ಒಣದಾಗಿ, ಧಾರೆಯಲ್ಲಿ ಮತ್ತು ಗಂಟೆಗೆ 10 ಮಿಲಿಲೀಟರ್ ಎಣ್ಣೆಯ ಮಂಜಿನಲ್ಲಿ ಕಡೆದರು. ಒಣ ಟರ್ನಿಂಗ್ ಮತ್ತು ಮಂಜು ಇವೆರಡರಲ್ಲೂ ಟೂಲಿನ ಸವೆತ ಹೆಚ್ಚುಕಡಿಮೆ ಸಮ. ಧಾರೆಯಲ್ಲಿ ಎರಡಕ್ಕಿಂತಲೂ ಹೆಚ್ಚು. ಸಿಬಿಎನ್ ಶಾಖವನ್ನು ತಾಳಬಲ್ಲದು. ಹಾಗಾಗಿ ಅಂಥ ಕಡೆ ಕೂಲೆಂಟನ್ನು ಪೂರ್ತಿ ನಿಲ್ಲಿಸುವುದೇ ಲೇಸಾಗಬಹುದು. ಸಿರಾಮಿಕ್‌ನಲ್ಲಂತೂ ನಿಂತುನಿಂತು ಬೀಳುವ ತಂಪು ಬಿರುಕು ಹುಟ್ಟಿಸಬಲ್ಲದು. ಅದಕ್ಕೆ ಒಣ ಟರ್ನಿಂಗೇ ರೂಢಿ. ಮೂರೂ ಟೂಲುಗಳನ್ನು ಒಟ್ಟಿಗೆ ನೋಡಿದರೆ ಗಡಸು ಉಕ್ಕಿಗೆ ಧಾರೆ ಯಾವುದರಲ್ಲೂ ಸಹಜ ಆಯ್ಕೆಯಾಗಿ ಕಾಣುವುದಿಲ್ಲ.

ಅಳತೆ ಮತ್ತು ಮೇಲ್ಮೈ

ಹಾಗಾದರೆ ಎಲ್ಲವನ್ನೂ ಒಣದಾಗಿ ಕಡೆಯಬಾರದೇಕೆ? ಅಳತೆಯೇ ಅದಕ್ಕೆ ಉತ್ತರ. ಉಕ್ಕಿನ ಉಷ್ಣತೆ ಒಂದು ಡಿಗ್ರಿ ಏರಿದರೆ ಅದು ತನ್ನ ಉದ್ದದ ಲಕ್ಷದಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು ಹಿಗ್ಗುತ್ತದೆ. 50 ಮಿಲಿಮೀಟರ್ ವ್ಯಾಸದ ಶಾಫ್ಟು 10 ಡಿಗ್ರಿ ಬಿಸಿಯಾದರೆ ವ್ಯಾಸ ಸುಮಾರು 6 ಮೈಕ್ರೋಮೀಟರ್ ಹೆಚ್ಚುತ್ತದೆ. ಬೇರಿಂಗ್ ಕೂರುವ ಜಾಗಕ್ಕೆ ಈ ವ್ಯಾಸದಲ್ಲಿ ಐಟಿ 5 ದರ್ಜೆಯ ನಿಖರತೆ ಕೇಳಿದರೆ ಅಳತೆಯಲ್ಲಿ ಒಟ್ಟು ಅವಕಾಶವೇ 11 ಮೈಕ್ರೋಮೀಟರ್. ಬಿಸಿಯಲ್ಲಿ ಗೇಜಿಗೆ ಸರಿಹೊಂದಿದ ಜಾಬು ತಣ್ಣಗಾದ ಮೇಲೆ ಚಿಕ್ಕದಾಗಿ ರಿಜೆಕ್ಟ್ ಆಗುವುದು ಹೀಗೆ. ಕನಿಷ್ಠ ದ್ರವ ಉಜ್ಜಾಟದ ಶಾಖವನ್ನು ತಗ್ಗಿಸಿ ಈ ಹಿಗ್ಗುವಿಕೆಯನ್ನು ಹತೋಟಿಗೆ ತರಬಲ್ಲದು. ಆದರೆ ಧಾರೆಯಷ್ಟು ಜಾಬನ್ನು ತಣಿಸಲಾರದು. ನಿಖರ ಅಳತೆಯ ಜಾಬನ್ನು ತಣಿದ ಮೇಲೆಯೇ ಅಳೆಯಬೇಕು.

ಮೇಲ್ಮೈಯ ಅಡಿಯಲ್ಲಿ ನಡೆಯುವುದೂ ಅಷ್ಟೇ ಮುಖ್ಯ. ಟೂಲು ಸವೆದು ಉಜ್ಜತೊಡಗಿದರೆ ಉಕ್ಕಿನ ಮೇಲ್ಪದರ ಕ್ಷಣಕಾಲ 700 ಡಿಗ್ರಿ ಸೆಲ್ಸಿಯಸ್ ದಾಟಿ, ತಕ್ಷಣ ತಣಿದು, ಕೆಲವು ಮೈಕ್ರೋಮೀಟರ್ ದಪ್ಪದ ಬಿಳಿಯ ಪದರವಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ಬೆಳ್ಳಗೆ ಕಾಣುವ ಈ ಪದರ ಬಲು ಗಡಸು, ಆದರೆ ಪೆಡಸು. ತಿರುಗುವ ಬೇರಿಂಗಿನಲ್ಲಿ ಬಿರುಕಿಗೆ ಮೂಲವಾಗಬಲ್ಲದು. ಹೊಸ ಮೊನೆಯಿಂದ ಚೆನ್ನಾಗಿ ನಡೆದ ಹಾರ್ಡ್ ಟರ್ನಿಂಗು ಮೇಲ್ಮೈಯಲ್ಲಿ ಒಳಮುಖದ ಒತ್ತಡವನ್ನು ಉಳಿಸಿ ದಣಿವನ್ನು ತಾಳುವ ಶಕ್ತಿಯನ್ನು ಹೆಚ್ಚಿಸಬಲ್ಲದು. ಎರಡು ಫಲಗಳ ನಡುವಿನ ಗೆರೆ ಟೂಲಿನ ಸವೆತ. ಸವೆತವನ್ನು ತಡಮಾಡುವ ಯಾವ ಉಪಾಯವಾದರೂ ಬಿಳಿಯ ಪದರವನ್ನು ದೂರವಿಡುತ್ತದೆ. ಕನಿಷ್ಠ ದ್ರವದ ಬೆಲೆ ಇಲ್ಲಿಯೇ ಹೆಚ್ಚು.

ದ್ರವಗಳು

ಇಷ್ಟು ಕಡಿಮೆ ಬಳಸುವಾಗ ದ್ರವದ ಗುಣ ಒಳ್ಳೆಯದಾಗಿರಬೇಕು. ಒಮ್ಮೆ ಬಿಟ್ಟದ್ದು ಮತ್ತೆ ಟ್ಯಾಂಕಿಗೆ ಬರುವುದಿಲ್ಲ. ಮಂಜಿನ ಮಾರ್ಗಕ್ಕೆ ಸಸ್ಯತೈಲದಿಂದ ತಯಾರಾದ ಎಸ್ಟರುಗಳು ಮತ್ತು ಕೊಬ್ಬಿನ ಆಲ್ಕೋಹಾಲುಗಳು ಹೆಚ್ಚು ಬಳಕೆಯಲ್ಲಿವೆ. ಎಸ್ಟರುಗಳು ಲೋಹಕ್ಕೆ ಚೆನ್ನಾಗಿ ಅಂಟುತ್ತವೆ, ಬೇಗ ಹೊತ್ತಿಕೊಳ್ಳುವುದಿಲ್ಲ, ಮಣ್ಣಿನಲ್ಲಿ ಕರಗಿಹೋಗುತ್ತವೆ. ಭಾರತದ ಪ್ರಯೋಗಾಲಯಗಳಲ್ಲಿ ತೆಂಗಿನೆಣ್ಣೆ, ಹರಳೆಣ್ಣೆ, ಹೊಂಗೆ ಎಣ್ಣೆಗಳನ್ನು ಪರೀಕ್ಷಿಸಲಾಗಿದೆ. ಜಾರಿಕೆಯಲ್ಲಿ ಅವು ಖನಿಜ ತೈಲಕ್ಕೆ ಸರಿಸಾಟಿಯಾದದ್ದುಂಟು. ಆದರೆ ಅಡುಗೆಮನೆಯ ಎಣ್ಣೆಯನ್ನು ಹಾಗೆಯೇ ನಾಜಲ್ಲಿಗೆ ತುಂಬುವುದು ಸಲ್ಲದು. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಬೆಂಗಳೂರಿನ ಚಳಿಗಾಲದ ಬೆಳಿಗ್ಗೆ ಪೈಪು ಕಟ್ಟಿಕೊಳ್ಳುವುದು ಖಂಡಿತ. ಹೊಂಗೆಯಂಥ ಎಣ್ಣೆಗಳು ಗಾಳಿಗೆ ಆಕ್ಸಿಡೀಕರಣಗೊಂಡು ಜಿಗುಟಾಗುತ್ತವೆ. ಅವನ್ನು ಎಸ್ಟರಾಗಿ ಮಾರ್ಪಡಿಸಿ, ತಕ್ಕ ಸೇರ್ಪಡೆ ಬೆರೆಸಿ ಬಳಸಬೇಕು. ಗ್ರಾಫೈಟ್, ಮಾಲಿಬ್ಡಿನಮ್ ಡೈಸಲ್ಫೈಡ್ ಮತ್ತು ಅಲ್ಯೂಮಿನಾದ ನ್ಯಾನೋ ಕಣಗಳನ್ನು ಎಣ್ಣೆಯಲ್ಲಿ ತೇಲಿಬಿಡುವ ಪ್ರಯೋಗಗಳು ಇತ್ತೀಚಿನ ಸಂಶೋಧನೆಯಲ್ಲಿ ಬಹಳ ಇವೆ. ಆ ಕಣಗಳನ್ನು ಉಸಿರಾಡಿದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಗುವವರೆಗೆ ಅವು ಪ್ರಯೋಗಾಲಯದಲ್ಲೇ ಇರುವುದು ಒಳ್ಳೆಯದು.

ಅಳವಡಿಕೆ ಮತ್ತು ಮಿತಿಗಳು

ವರ್ಕ್‌ಶಾಪಿನಲ್ಲಿ ಈ ವಿಧಾನ ಗೆಲ್ಲುವುದೂ ಸೋಲುವುದೂ ನಾಜಲ್ಲಿನ ಗುರಿಯಲ್ಲಿ. ಇನ್ಸರ್ಟ್ ಬದಲಿಸುವಾಗ ನಾಜಲ್ ಒಂದೆರಡು ಮಿಲಿಮೀಟರ್ ಸರಿದರೂ ದ್ರವವೆಲ್ಲ ವ್ಯರ್ಥ. ಧಾರೆಯಲ್ಲಿ ಗುರಿ ತಪ್ಪಿದರೂ ಎಲ್ಲವೂ ನೆನೆಯುತ್ತದೆ. ಇಲ್ಲಿ ಆ ರಿಯಾಯಿತಿಯಿಲ್ಲ. ಜಾಬಿನ ಮೆಟ್ಟಿಲುಗಳಲ್ಲಿ, ಆಳವಾದ ಒಳರಂಧ್ರಗಳಲ್ಲಿ ಹೊರಗಿನ ನಾಜಲ್ ಮೊನೆಯನ್ನು ಕಾಣದೇ ಹೋಗುತ್ತದೆ. ಟೂಲಿನ ಒಳದಾರಿ ಅಲ್ಲಿ ಬೇಕಾಗುತ್ತದೆ.

ಚಿಪ್ ಹೊರಹಾಕುವುದು ಎರಡನೆಯ ತೊಡಕು. ಧಾರೆ ಚಿಪ್ಪನ್ನು ಕೊಚ್ಚಿಕೊಂಡು ಹೋಗುತ್ತದೆ; ಕನಿಷ್ಠ ದ್ರವಕ್ಕೆ ಆ ಶಕ್ತಿಯಿಲ್ಲ. ಗಡಸು ಉಕ್ಕಿನ ಚಿಪ್ಪುಗಳು ಗರಗಸದ ಹಲ್ಲಿನಂತೆ ಮೊನಚಾಗಿ, ಕೆಂಪಗೆ ಕಾದು ಬರುತ್ತವೆ; ಅವು ಬೆಡ್ಡಿನ ಮೇಲೆ ರಾಶಿಬಿದ್ದರೆ ಲೇತಿನ ಅಳತೆಯೇ ಕೆಡುತ್ತದೆ. ಇಳಿಜಾರು ಬೆಡ್ ಇರುವ ಸಿಎನ್‌ಸಿ ಲೇತುಗಳು ಇದಕ್ಕೆ ಅನುಕೂಲ. ಈ ತೊಡಕಿಗೆ ಬದಲಾಗಿ ಒಂದು ಲಾಭವಿದೆ: ಎಣ್ಣೆ ಹೆಚ್ಚು ಅಂಟದ ಒಣ ಚಿಪ್ಪು ಗುಜರಿಗೆ ಶುದ್ಧವಾಗಿ ಹೋಗುತ್ತದೆ.

ಮೂರನೆಯದು ಗಾಳಿ. ಎಂಕ್ಯೂಎಲ್ ಎಣ್ಣೆ ಉಳಿಸಿದರೂ ಸೂಕ್ಷ್ಮ ಹನಿಗಳನ್ನು ಗಾಳಿಗೆ ಬಿಡುತ್ತದೆ; ಯಂತ್ರದ ಬಾಗಿಲು ಮುಚ್ಚಿ, ಮಂಜನ್ನು ಹೀರುವ ಸಾಧನ ಇಡದಿದ್ದರೆ ಕೆಲಸಗಾರನಿಗೆ ಹಿಂದಿಗಿಂತ ಒಳ್ಳೆಯದೇನೂ ಆಗುವುದಿಲ್ಲ. ಕಂಪ್ರೆಸರಿನ ವಿದ್ಯುತ್ತನ್ನೂ ಲೆಕ್ಕಕ್ಕೆ ಸೇರಿಸಬೇಕು.

ಸಂಬಂಧಿಸಿದ ವಿಧಾನಗಳು

ಕೂಲೆಂಟಿನ ಧಾರೆಯನ್ನು ಕೈಬಿಡುವ ಬೇರೆ ದಾರಿಗಳೂ ಇವೆ. ಮೈನಸ್ 196 ಡಿಗ್ರಿಯ ದ್ರವ ಸಾರಜನಕವನ್ನು ಮೊನೆಗೆ ಬಿಡುವ ಕ್ರಯೋಜನಿಕ್ ವಿಧಾನದಲ್ಲಿ ಉಳಿಕೆಯೇ ಇಲ್ಲ. ದ್ರವ ಆವಿಯಾಗಿ ಗಾಳಿಗೆ ಸೇರುತ್ತದೆ. ಅದರ ಶೇಖರಣೆ ಮತ್ತು ಸಾಗಣೆ ದುಬಾರಿ, ಮುಚ್ಚಿದ ಕೋಣೆಯಲ್ಲಿ ಆಮ್ಲಜನಕ ಕಡಿಮೆಯಾಗುವ ಅಪಾಯವೂ ಇದೆ. ದ್ರವ ಇಂಗಾಲದ ಡೈ ಆಕ್ಸೈಡ್, ವೋರ್ಟೆಕ್ಸ್ ಟ್ಯೂಬಿನಿಂದ ಬರುವ ತಂಪು ಗಾಳಿ, ಹೆಚ್ಚು ಒತ್ತಡದ ಕೂಲೆಂಟ್ ಇತರ ಪರ್ಯಾಯಗಳು. ಸಣ್ಣ ವರ್ಕ್‌ಶಾಪಿನ ಕೈಗೆಟಕುವುದು ಇವುಗಳಲ್ಲಿ ಯಾವುದಕ್ಕಿಂತಲೂ ಕನಿಷ್ಠ ದ್ರವದ ವಿಧಾನವೇ.

ಕರ್ನಾಟಕದ ಸಂದರ್ಭ

ಬೆಂಗಳೂರು ಭಾರತದ ಯಂತ್ರೋಪಕರಣ ಉದ್ಯಮದ ತವರುಗಳಲ್ಲಿ ಒಂದು. 1953ರಲ್ಲಿ ಜಾಲಹಳ್ಳಿಯಲ್ಲಿ ಸ್ಥಾಪನೆಯಾದ ಎಚ್‌ಎಂಟಿ ದೇಶಕ್ಕೆ ಲೇತುಗಳನ್ನು ಕೊಟ್ಟಿತು. 1962ರಲ್ಲಿ ತುಮಕೂರು ರಸ್ತೆಯಲ್ಲಿ ಆರಂಭವಾದ ಕೇಂದ್ರ ಯಂತ್ರೋಪಕರಣ ಸಂಸ್ಥೆ, ಇಂದಿನ ಸಿಎಂಟಿಐ, ಯಂತ್ರವಿನ್ಯಾಸದ ಕೈಪಿಡಿಯನ್ನೇ ರೂಪಿಸಿತು. ಪೀಣ್ಯದ ಸಿಎನ್‌ಸಿ ಲೇತುಗಳು ದೇಶದೆಲ್ಲೆಡೆ ಓಡುತ್ತಿವೆ. ಇಎನ್ 24, ಇಎನ್ 31 ಜಾಬುಗಳನ್ನು ದಿನವೂ ಕಡೆಯುವ ಸಣ್ಣ ಘಟಕಗಳು ಪೀಣ್ಯದಿಂದ ಬೆಳಗಾವಿಯವರೆಗೆ ಹರಡಿವೆ. ಇಂಥ ಘಟಕಕ್ಕೆ ಹೊಸ ಲೇತು ಕೊಳ್ಳುವ ಅಗತ್ಯವಿಲ್ಲ; ಇರುವ ಲೇತಿಗೇ ಎಂಕ್ಯೂಎಲ್ ಘಟಕವನ್ನು ಜೋಡಿಸಬಹುದು. ಮೊದಲು ಒಂದು ಲೇತು, ಒಂದು ಜಾಬು, ಒಂದೇ ಇನ್ಸರ್ಟ್ ಇಟ್ಟುಕೊಂಡು ಒಣದಾಗಿ, ಧಾರೆಯಲ್ಲಿ, ಕನಿಷ್ಠ ದ್ರವದಲ್ಲಿ ಕಡೆದು, ಅಂಚೊಂದಕ್ಕೆ ಎಷ್ಟು ಜಾಬು ಬಂತು, ಒರಟುತನ ಎಷ್ಟು, ತಣಿದ ಮೇಲೆ ಅಳತೆ ಎಷ್ಟು ಎಂಬುದನ್ನು ಬರೆದಿಡುವುದು ಸರಿಯಾದ ಆರಂಭ.

ಒಟ್ಟಾರೆ ತೀರ್ಮಾನ ಹೀಗೆ ಹೇಳಬಹುದು. ಕಾರ್ಬೈಡ್ ಟೂಲಿನಿಂದ 45ರಿಂದ 50 ರಾಕ್‌ವೆಲ್ಲಿನ ಉಕ್ಕನ್ನು ಕಡೆಯುವವರಿಗೆ ಕನಿಷ್ಠ ದ್ರವ ಸ್ಪಷ್ಟವಾಗಿ ಲಾಭಕರ. ಸಿಬಿಎನ್‌ನಿಂದ ಅದಕ್ಕೂ ಗಡಸಾದ ಉಕ್ಕನ್ನು ಕಡೆಯುವವರು ಒಣ ಟರ್ನಿಂಗಿನಿಂದ ಆರಂಭಿಸಿ, ಅಳತೆ ಮತ್ತು ಮೇಲ್ಮೈ ಬೇಡಿದರೆ ಮಾತ್ರ ಮಂಜನ್ನು ಸೇರಿಸಬೇಕು. ಗಡಸು ಉಕ್ಕಿನ ಮುಗಿಕೆಯ ಟರ್ನಿಂಗಿಗೆ ಧಾರೆ ಸುರಿಸುವುದು ಬಹುತೇಕ ರೂಢಿಯ ಬಲದಿಂದ ಉಳಿದಿದೆ. ಟ್ಯಾಂಕಿನ ಕೂಲೆಂಟಿನಲ್ಲಿ ದಿನವಿಡೀ ಕೈಯಿಟ್ಟು ಅದರ ಮಂಜನ್ನೇ ಉಸಿರಾಡುವ ಟರ್ನರನ ಆರೋಗ್ಯವನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಆ ರೂಢಿಯನ್ನು ಪರೀಕ್ಷಿಸಿ ನೋಡುವುದು ಪ್ರತಿ ವರ್ಕ್‌ಶಾಪ್ ಮಾಲೀಕನ ಹೊಣೆ.